ಕಲಬುರಗಿ ಬಿಸಿಲಿಗೆ ಪೆರೊವ್‌ಸ್ಕೈಟ್ ತಾಳೀತೇ?

ಮೇ ತಿಂಗಳಲ್ಲಿ ಕಲಬುರಗಿಯ ನೆರಳಲ್ಲೇ 42 ಡಿಗ್ರಿ ಇರುತ್ತದೆ. ಮಾಳಿಗೆ ಮೇಲಿನ ಸೋಲಾರ್ ಫಲಕ ಗಾಳಿಗಿಂತ ಇನ್ನೂ 25–30 ಡಿಗ್ರಿ ಜಾಸ್ತಿ ಕಾಯುತ್ತದೆ. ಅಂದರೆ 70ರ ಆಸುಪಾಸು. ಬಿಸಿಲು ಜಾಸ್ತಿ ಇದ್ದರೆ ಕರೆಂಟೂ ಜಾಸ್ತಿ ಅಲ್ವಾ? ಹಾಗೇನಿಲ್ಲ. ಫಲಕಕ್ಕೆ ಬೇಕಾದ್ದು ಬೆಳಕು, ಬಿಸಿ ಅಲ್ಲ. ಸಿಲಿಕಾನ್ ಫಲಕದ ಉತ್ಪಾದನೆ 25 ಡಿಗ್ರಿಯ ಮೇಲೆ ಏರುವ ಪ್ರತಿ ಡಿಗ್ರಿಗೂ ಸುಮಾರು ಶೇ 0.3–0.4ರಷ್ಟು ಇಳಿಯುತ್ತದೆ. ಆದರೂ ಅದು 25 ವರ್ಷ ಬಾಳುತ್ತದೆ.

ಅದಕ್ಕೆ ಜೊತೆಯಾಗಲು ಹೊರಟಿರುವುದು ಸೀಸ ಬೆರೆತ ಹರಳಿನ ವಸ್ತು, ಪೆರೊವ್‌ಸ್ಕೈಟ್. 2009ರಲ್ಲಿ ಜಪಾನಿನ ತ್ಸುಟೊಮು ಮಿಯಾಸಾಕಾ ಅವರ ತಂಡ ಇದರಿಂದ ಮೊದಲ ಸೆಲ್ ಮಾಡಿದಾಗ ದಕ್ಷತೆ (ಬಿದ್ದ ಬೆಳಕಿನಲ್ಲಿ ಕರೆಂಟ್ ಆಗುವ ಪಾಲು) ಬರೀ ಶೇ 3.8. ಈಗ ಶೇ 26 ದಾಟಿದೆ. ಸಿಲಿಕಾನ್ ಮೇಲೆ ಇದರ ಪದರ ಕೂರಿಸಿದ ಜೋಡಿ ಸೆಲ್‌ಗಳು 2023ರಲ್ಲೇ ಶೇ 33 ಮೀರಿದವು. ಸಿಲಿಕಾನ್ ಒಂದೇ ಆದರೆ ಎಷ್ಟು ತಿಣುಕಿದರೂ ಶೇ 29ರ ಆಚೆ ಹೋಗಲಾರದು. ಜೋಡಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನ ಬಹುಪಾಲನ್ನು ಮೇಲಿನ ಪದರ ಹಿಡಿಯುತ್ತದೆ, ಕೆಂಪಿನಾಚೆಯ ಕಾಣದ ಬೆಳಕನ್ನು (ಅವಕೆಂಪು) ಕೆಳಗಿನದು.

ತೊಂದರೆ ಇರುವುದು ಬಾಳಿಕೆಯಲ್ಲಿ. ಚೆನ್ನಾಗಿರುವ ಪೆರೊವ್‌ಸ್ಕೈಟ್ ಪದರ ಕಡುಗಪ್ಪು. ದಪ್ಪ ಒಂದು ಮೈಕ್ರಾನ್‌ಗೂ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಮ್ಮಿ. ತೇವ ತಾಗಿದರೆ ಅಂಚಿನಿಂದ ಹಳದಿ ಮಚ್ಚೆ ಏಳುತ್ತದೆ. ಅದು ಹರಳು ಒಡೆದು ಉಳಿದ ಸೀಸದ ಅಯೊಡೈಡ್. ಅಲ್ಲಿಗೆ ಆ ಜಾಗದಲ್ಲಿ ಕರೆಂಟ್ ನಿಂತಂತೆ. ಬಿಸಿಯೂ ಇದೇ ಕೆಲಸ ಮಾಡುತ್ತದೆ. ಮೊದಲಿನ ಸೆಲ್‌ಗಳ ಹರಳಿನಲ್ಲಿದ್ದ ಮೀಥೈಲ್ ಅಮೋನಿಯಂ ಎಂಬ ಸಾವಯವ ಅಂಶ ಕಾದರೆ ಆವಿಯಾಗಿ ಹೊರಟುಬಿಡುತ್ತದೆ. ಬದಲಿಗೆ ಅಂಥದ್ದೇ ಇನ್ನೊಂದು ಅಂಶ, ಫಾರ್ಮಮಿಡಿನಿಯಂ ಹಾಕಿದರು. ಅದು ಬಿಸಿಗೆ ಗಟ್ಟಿ, ಆದರೆ ತಣ್ಣಗಿರುವಾಗ ತಾನೇ ರಚನೆ ಬದಲಿಸಿ ಹಳದಿಯಾಗುವ ಚಟ ಅದಕ್ಕೆ! ಸ್ವಲ್ಪ ಸೀಸಿಯಂ ಎಂಬ ಲೋಹ ಬೆರೆಸಿದ ಮೇಲೆ ಹತೋಟಿಗೆ ಬಂತು. ಹರಳಿನ ಮೇಲ್ಮೈಯಲ್ಲಿ ಅಣು ತಪ್ಪಿಹೋದ ಖಾಲಿ ಜಾಗಗಳೂ ಇರುತ್ತವೆ. ಕರೆಂಟ್ ಸೋರುವುದೂ ಅಲ್ಲೇ, ಕೆಡಲು ಶುರುವಾಗುವುದೂ ಅಲ್ಲೇ. ತಕ್ಕ ಅಣುಗಳನ್ನು ಲೇಪಿಸಿ ಅವನ್ನು ಮುಚ್ಚಿದರೆ ದಕ್ಷತೆ, ಬಾಳಿಕೆ ಎರಡೂ ಏರುತ್ತವೆ. ಇತ್ತೀಚಿನ ಗೆಲುವಿಗೆ ಬಹುಪಾಲು ಇದೇ ಕಾರಣ.

ಸೀಸದ ಭಯವೂ ಸುಳ್ಳಲ್ಲ. ಫಲಕ ಒಡೆದರೆ ಮಳೆನೀರಿನ ಜೊತೆ ಅದು ಹೊಲ ಸೇರಬಹುದು. ಹಾಗಾಗಿ ಗಾಜಿನ ಅಂಚಿನ ಸೀಲ್ ಭದ್ರವಾಗಿರಲೇಬೇಕು.

ಫಲಕಗಳನ್ನು 85 ಡಿಗ್ರಿ ಬಿಸಿ, ಶೇ 85ರ ತೇವದಲ್ಲಿ 1000 ಗಂಟೆ ಇಟ್ಟು ನೋಡುವ ಪರೀಕ್ಷೆ ಒಂದಿದೆ. ಆದರೆ ಅದು ನಡೆಯುವುದು ಕತ್ತಲಲ್ಲಿ. ಪೆರೊವ್‌ಸ್ಕೈಟ್ ಒಳಗಿನ ಅಯಾನುಗಳು (ವಿದ್ಯುದಂಶ ಹೊತ್ತ ಕಣಗಳು) ಬೆಳಕು ಬಿದ್ದಾಗ ಸರಿದಾಡುತ್ತವೆ, ರಾತ್ರಿ ಹಿಂದಿರುಗಲು ನೋಡುತ್ತವೆ. ದಿನದಿನದ ಈ ಓಡಾಟದ ಪೆಟ್ಟು ಕತ್ತಲ ಪೆಟ್ಟಿಗೆಯಲ್ಲಿ ಗೊತ್ತಾಗುವುದಿಲ್ಲ. ದಕ್ಷತೆಯ ದಾಖಲೆಗಳೂ ಹೆಚ್ಚಾಗಿ ಬೆರಳುಗುರಿನಷ್ಟು ಸಣ್ಣ ಸೆಲ್‌ಗಳವು. ನನ್ನ ಕೇಳಿದರೆ, ದೊಡ್ಡ ಫಲಕವನ್ನೇ ತಂದು ಇಲ್ಲಿನ ಮಾಳಿಗೆ ಮೇಲೆ ಎರಡು ಬೇಸಿಗೆ, ಎರಡು ಮಳೆಗಾಲ ಇಡಲಿ. ಆಮೇಲೆ ರೇಟು ಮಾತಾಡೋಣ.