ಗೋವಾಕ್ಕೆ ಸೈನ್ಯ ಬರಲು ಹದಿನಾಲ್ಕು ವರ್ಷ ಯಾಕೆ ಹಿಡಿಯಿತು?

ವಾಸ್ಕೋದಲ್ಲಿ ಮನೆ ಮಾಡಿದವರಿಗೆ ನೌಕಾಪಡೆಯ ವಿಮಾನದ ಸದ್ದು ಹೊಸದಲ್ಲ. ದಾಬೋಲಿಯ ಐಎನ್‌ಎಸ್ ಹಂಸದಿಂದ ಮಿಗ್ ಮೇಲೆದ್ದರೆ ಅಡುಗೆಮನೆಯ ಸ್ಟೀಲ್ ತಾಟುಗಳು ಅಲುಗುತ್ತವೆ. ಮಾತಾಡುತ್ತಿದ್ದವರು ಸ್ವಲ್ಪ ಹೊತ್ತು ಸುಮ್ಮನಾಗಿ, ಸದ್ದು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಆದರೆ 2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ಜೊತೆ ಕಾಳಗ ನಡೆದ ಆ ನಾಲ್ಕು ದಿನ, ಯಾವ ವಿಮಾನ ಹೋದರೂ ಜನ ಹೊರಗೆ ಬಂದು ಆಕಾಶ ನೋಡುತ್ತಿದ್ದರು.

ಮೇ 10ರ ಸಂಜೆ ಕಾಳಗ ನಿಂತ ಸುದ್ದಿ ಬಂದಾಗ ನಾನು ಬೈನಾದ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ನಮ್ಮ ಕಡೆಯವರದೇ ಖಾನಾವಳಿ. ಗದಗ, ಬಾಗಲಕೋಟೆ, ವಿಜಯಪುರದಿಂದ ಕೆಲಸಕ್ಕೆ ಬಂದ ಹುಡುಗರು ಟಿವಿ ಕಡೆ ಮುಖ ಮಾಡಿ ಕೂತಿದ್ದರು. "ಇಷ್ಟಕ್ಕ ಯಾಕ ನಿಲ್ಲಿಸಿದ್ರು? ಮುಗಿಸೇಬಿಡಬೇಕಿತ್ತು" ಅಂದ ಒಬ್ಬ. ನಾಲ್ಕೈದು ಜನ ಹೌದು ಅಂದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಮಗ ಸೈನ್ಯದಲ್ಲಿದ್ದಾನೆ, ಆಗ ಜಮ್ಮು ಕಡೆ ಇದ್ದ. ಅವಳ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದ ಮೇಲೇ ಅವಳಿಗೆ ಎಚ್ಚರವಾಗಿದ್ದು.

ಮೂಲೆಯಲ್ಲಿ ಕೂತಿದ್ದ ಕಾಕಾ ಆಗ ಬಾಯಿಬಿಟ್ಟರು. ಬೆಳಗಾವಿಯವರು, ಎಪ್ಪತ್ತು ದಾಟಿದವರು, ಮುರ್ಗಾಂವ ಬಂದರಿನಲ್ಲಿ ದುಡಿದು ನಿವೃತ್ತರಾದವರು. "ತಮ್ಮಾ, ನಾವು ಕುಂತೀವಲ್ಲ, ಈ ಊರಿಗೆ ಮಿಲ್ಟ್ರಿ ಬರಾಕ ಹದಿನಾಕ ವರ್ಷ ಹಿಡದಿತ್ತು. ಅಷ್ಟು ವರ್ಷ ಬರೇ ವಾದ ನಡದಿತ್ತು. ಯಾಕಂತ ಗೊತ್ತೇನು?"

ಹುಡುಗರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷದಿಂದ ಇಲ್ಲೇ ಇರುವ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವತ್ತಿನಿಂದ ಓದಿದ್ದು, ಕೇಳಿದ್ದು ಈ ಲೇಖನ.

1947ರಲ್ಲಿ ಬ್ರಿಟಿಷರು ಹೋದರು, ಗೋವಾದಲ್ಲಿ ಪೋರ್ಚುಗೀಸರು ಉಳಿದರು. 1510ರಲ್ಲಿ ವಿಜಯಪುರದ ಆದಿಲ್‌ಶಾಹಿಯಿಂದ ಕಿತ್ತುಕೊಂಡ ನೆಲ ಅದು. ಮಾತುಕತೆಗೆ ಬನ್ನಿ ಅಂತ ಭಾರತ 1950ರಲ್ಲಿ ಕರೆಯಿತು. ಪೋರ್ಚುಗಲ್ ಒಪ್ಪಲಿಲ್ಲ. ಅಷ್ಟೇ ಅಲ್ಲ, 1951ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ಗೋವಾ ವಸಾಹತು ಅಲ್ಲ, ಸಮುದ್ರದಾಚೆಗಿನ ತನ್ನದೇ ಪ್ರಾಂತ್ಯ ಅಂತ ಬರೆದುಕೊಂಡಿತು. ಸ್ವಂತ ಮನೆಯ ಕೋಣೆ ಬಿಟ್ಟುಕೊಡಿ ಅಂದರೆ ಯಾರು ಮಾತಿಗೆ ಬರುತ್ತಾರೆ? ಲಿಸ್ಬನ್ನಿನ ಸರ್ವಾಧಿಕಾರಿ ಸಾಲಾಜಾರ್ ಜೊತೆ ಮಾತಿನ ದಾರಿ ಅಲ್ಲಿಗೆ ಹೆಚ್ಚುಕಮ್ಮಿ ಮುಚ್ಚಿತು. 1953ರಲ್ಲಿ ಭಾರತ ಅಲ್ಲಿದ್ದ ತನ್ನ ಕಚೇರಿಗೆ ಬೀಗ ಹಾಕಿತು.

ಸೈನ್ಯ ಕಳಿಸಿದ್ದರೆ ಒಂದೆರಡು ದಿನದ ಕೆಲಸ. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ನೆಹರೂ ಒಪ್ಪಲಿಲ್ಲ. ಪೋರ್ಚುಗಲ್ ಅಮೆರಿಕ ಮತ್ತು ಪಶ್ಚಿಮದ ದೇಶಗಳ ಸೈನಿಕ ಕೂಟ ನೇಟೋದಲ್ಲಿತ್ತು, ಆ ಲೆಕ್ಕ ಇತ್ತು. ಪಕ್ಕದಲ್ಲಿ ಪಾಕಿಸ್ತಾನ ಇತ್ತು, ಕಾಶ್ಮೀರದ ವಿಷಯ ಇನ್ನೂ ಬಿಸಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಜಗಳವನ್ನು ಮಾತಿನಿಂದ ಬಗೆಹರಿಸಿ ಅಂತ ಲೋಕಕ್ಕೆಲ್ಲ ಹೇಳುತ್ತಿದ್ದ ದೇಶ ತಾನೇ ಬಂದೂಕು ಎತ್ತಿದರೆ ಆ ಮಾತಿಗೆ ಏನು ಬೆಲೆ ಅನ್ನುವ ಪ್ರಶ್ನೆ ಇತ್ತು.

ಹಾಗಾದರೆ ಜನ ಏನು ಮಾಡಬೇಕು? ಸತ್ಯಾಗ್ರಹ. ಅದರ ಬೀಜ 1946ರ ಜೂನ್ 18ರಂದೇ ಬಿದ್ದಿತ್ತು. ಸಭೆ ನಿಷೇಧಿಸಿದ್ದ ಕಾಲದಲ್ಲಿ ರಾಮಮನೋಹರ ಲೋಹಿಯಾ ಮಡಗಾಂವಿನಲ್ಲಿ ಬಹಿರಂಗ ಸಭೆಗೆ ಬಂದು ಬಂಧನಕ್ಕೊಳಗಾದರು. ಆ ಜಾಗ ಈಗ ಲೋಹಿಯಾ ಮೈದಾನ. 1955ರಲ್ಲಿ ಗೋವಾ ವಿಮೋಚನ ಸಹಾಯಕ ಸಮಿತಿಯ ಮೂಲಕ ತಂಡ ತಂಡವಾಗಿ ಜನ ಗಡಿ ದಾಟತೊಡಗಿದರು. ಸೇನಾಪತಿ ಬಾಪಟ್, ನಾನಾಸಾಹೇಬ್ ಗೋರೆ, ಮಧು ಲಿಮಯೆ ಹೋದರು. ನಮ್ಮ ನರಗುಂದದ ಜಗನ್ನಾಥರಾವ್ ಜೋಶಿ ಒಂದು ತಂಡ ಕರೆದುಕೊಂಡು ಹೋಗಿ ಜೈಲು ಸೇರಿದರು. ಸಮಾಜವಾದಿಗಳು, ಕಮ್ಯುನಿಸ್ಟರು, ಜನಸಂಘದವರು ಒಂದೇ ದಾರಿಯಲ್ಲಿ ನಡೆದ ಅಪರೂಪದ ದಿನಗಳು ಅವು. ಕೈಯಲ್ಲಿ ತ್ರಿವರ್ಣ ಧ್ವಜ ಬಿಟ್ಟರೆ ಬೇರೆ ಏನೂ ಇರುತ್ತಿರಲಿಲ್ಲ.

1955ರ ಆಗಸ್ಟ್ 15ರಂದು ಸಾವಿರಾರು ಜನ ಒಂದೇ ದಿನ ಒಳಗೆ ಹೊರಟರು. ಪೋರ್ಚುಗೀಸ್ ಪೊಲೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಪತ್ರಾದೇವಿ ಗಡಿಯಲ್ಲಿ ಮಧ್ಯಪ್ರದೇಶದ ಸಾಗರದ ಸಹೋದ್ರಾಬಾಯಿ ರಾಯ್ ಧ್ವಜ ಹಿಡಿದಿದ್ದರು, ಅವರಿಗೆ ಗುಂಡು ತಗುಲಿತು. ಪಂಜಾಬಿನ ಕರ್ನೈಲ್ ಸಿಂಗ್ ಬೇನಿಪಾಲ್ ಅಲ್ಲೇ ಜೀವ ಬಿಟ್ಟರು. ಸಾವಂತವಾಡಿ ದಾರಿಯಲ್ಲಿ ಹೋಗುವವರು ಪತ್ರಾದೇವಿಯ ಹುತಾತ್ಮ ಸ್ಮಾರಕದ ಹತ್ತಿರ ಒಮ್ಮೆ ಗಾಡಿ ನಿಲ್ಲಿಸಿ ನೋಡಿ. ನಾವೆಲ್ಲ ಅದರ ಪಕ್ಕದಲ್ಲೇ ಎಷ್ಟು ಸಲ ಹಾದುಹೋಗಿದ್ದೇವೆ, ಒಳಗೆ ಹೋದವರು ಕಡಿಮೆ.

ಮುಂಬೈಯಲ್ಲಿ ಜನ ಬೀದಿಗಿಳಿದರು. ಬರಿಗೈಯವರ ಮೇಲೆ ಗುಂಡು ಹಾರಿಸುವವರಿಗೆ ಇನ್ನೂ ಅಹಿಂಸೆಯ ಪಾಠವೇ ಅಂತ ಕೇಳಿದರು. ನೆಹರೂ ಆಗಲೂ ಸೈನ್ಯ ಕಳಿಸಲಿಲ್ಲ, ಸತ್ಯಾಗ್ರಹಿಗಳನ್ನೂ ತಡೆದರು. ಅದರ ಬದಲು ಗಡಿ ಮುಚ್ಚಿದರು. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿಯುತ್ತಿದ್ದ ರೈಲು ನಿಂತಿತು. ಮುಂಬೈಯಲ್ಲಿ ದುಡಿಯುತ್ತಿದ್ದ ಗೋವಾದವರು ಮನೆಗೆ ಹಣ ಕಳಿಸುವುದೂ ಕಷ್ಟವಾಯಿತು. ಇವತ್ತು ಬೆಳಗಾವಿಯ ತರಕಾರಿ ಗಾಡಿ ಒಂದು ದಿನ ಬರದಿದ್ದರೆ ಗೋವಾದ ಮಾರ್ಕೆಟ್ಟಿನಲ್ಲಿ ಗದ್ದಲ ಆಗುತ್ತದೆ, ಅಲ್ವಾ? ಆಗ ಇಲ್ಲಿನವರು ಹಾಲೆಂಡಿನ ಆಲೂಗಡ್ಡೆ, ಪಾಕಿಸ್ತಾನದ ಅಕ್ಕಿ, ಸಿಲೋನಿನ ಚಹಾ ತರಿಸಿಕೊಂಡರು. ಕಬ್ಬಿಣದ ಅದಿರು ಮಾರಿದ ದುಡ್ಡಿತ್ತು. ಹೀಗಾಗಿ ದಿಗ್ಬಂಧನ ಆಳುವವರನ್ನು ಬಗ್ಗಿಸಲಿಲ್ಲ. ನೋವು ತಿಂದವರು ಬಡವರು ಮತ್ತು ಗಡಿಯ ಎರಡೂ ಕಡೆ ಬೀಗರಿದ್ದವರು. ಸೈನ್ಯ ಕಳಿಸದೆ ಇರುವುದಕ್ಕೂ ಒಂದು ಬೆಲೆ ಇತ್ತು, ಅದನ್ನು ಮರೆಯಬಾರದು.

ಆರು ವರ್ಷ ಹೀಗೇ ಹೋಯಿತು. 1961ರಲ್ಲಿ ಒತ್ತಡ ಹೆಚ್ಚಾಯಿತು. ಆ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದ ಆಫ್ರಿಕಾದ ಹೋರಾಟಗಾರರು, ಪೋರ್ಚುಗೀಸರದೇ ಕೈಯಲ್ಲಿರುವ ಅಂಗೋಲಾದಲ್ಲಿ ನಮ್ಮವರು ಸಾಯುತ್ತಿದ್ದಾರೆ, ನೀವಿನ್ನೂ ಕಾಯುತ್ತಿದ್ದೀರಾ ಅನ್ನುವ ಧಾಟಿಯಲ್ಲಿ ಮಾತಾಡಿದರು. ನವೆಂಬರ್‌ನಲ್ಲಿ ಕಾರವಾರದ ಎದುರಿನ ಅಂಜದೀವ್ ದ್ವೀಪದ ಹತ್ತಿರ ಹೋಗುತ್ತಿದ್ದ ಸಾಬರಮತಿ ಹಡಗಿನ ಮೇಲೆ ಪೋರ್ಚುಗೀಸರ ಗುಂಡು ಹಾರಿತು. ಮೀನುಗಾರರ ದೋಣಿಯ ಮೇಲೂ ಹಾರಿತು. ತಾಳ್ಮೆಯ ಕಟ್ಟೆ ಒಡೆದದ್ದು ನಮ್ಮ ಕರಾವಳಿಯ ಎದುರಿಗೇ.

ಡಿಸೆಂಬರ್‌ನಲ್ಲಿ ಸೈನ್ಯ ಬೆಳಗಾವಿಯಲ್ಲಿ ಜಮಾಯಿಸಿತು. ಪುಣೆಯ ದಕ್ಷಿಣ ಕಮಾಂಡಿನ ಮುಖ್ಯಸ್ಥ ಜನರಲ್ ಜೆ.ಎನ್. ಚೌಧುರಿ ಮೇಲ್ವಿಚಾರಣೆ, ಒಳಗೆ ನುಗ್ಗುವ ಹೊಣೆ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್ನಿಗೆ. ಕಾಕಾಗೆ ಆಗ ಹತ್ತು ವರ್ಷ. ಸ್ಟೇಷನ್ ಹತ್ತಿರದ ಗಲ್ಲಿಯ ಮನೆ. ತಾಡಪತ್ರಿ ಮುಚ್ಚಿದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಹುಡುಗರೆಲ್ಲ ಕಟ್ಟೆಯ ಮೇಲೆ ಕೂತು ಎಣಿಸುತ್ತಿದ್ದರಂತೆ. ನೂರು ದಾಟಿದರೆ ಗೋಡೆಗೆ ಇದ್ದಿಲಿನಿಂದ ಒಂದು ಗೀಟು. ಅವರ ತಾಯಿ ಹೊರಗೆ ಬಂದು ಸೈನಿಕರಿಗೆ ಒಂದು ಕೊಡ ನೀರು ಕೊಟ್ಟು, ಯಾವ ಊರು, ತಂದೆತಾಯಿ ಇದ್ದಾರಾ ಅಂತ ಮರಾಠಿಯಲ್ಲಿ ಕೇಳಿದ್ದು ಕಾಕಾಗೆ ಇನ್ನೂ ನೆನಪಿದೆ. ಪಾಪ, ಅವರಿಗೆ ಮರಾಠಿಯೂ ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಕೈ ಮುಗಿದು ನೀರು ಕುಡಿದರಂತೆ.

ಕೊನೆಯ ಗಳಿಗೆಯಲ್ಲೂ ದೆಹಲಿಯಲ್ಲಿ ಹಿಂದೆಮುಂದೆ ನೋಡುವುದು ನಿಂತಿರಲಿಲ್ಲ. ಅಮೆರಿಕದ ರಾಯಭಾರಿ ಗಾಲ್‌ಬ್ರೇತ್ ಬೇಡ ಅಂತ ನೆಹರೂ ಬಳಿ ಪಟ್ಟು ಹಿಡಿದರು. ದಿನಾಂಕ ಮುಂದೆ ಹೋಯಿತು. ಕಡೆಗೆ ಡಿಸೆಂಬರ್ 17ರ ರಾತ್ರಿ ಆಪರೇಷನ್ ವಿಜಯ್ ಶುರುವಾಯಿತು. ಪುಣೆಯಿಂದ ಹಾರಿದ 12 ಕ್ಯಾನ್‌ಬೆರಾ ವಿಮಾನಗಳು ದಾಬೋಲಿಯ ರನ್‌ವೇ ಮೇಲೆ ಬಾಂಬ್ ಹಾಕಿದವು. ಬೆಳಗಾವಿಯ ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರಕ್ಕೆ ಹೊಡೆದವು. ಸೈನ್ಯ ಉತ್ತರದಿಂದಲೂ, ಪೂರ್ವದ ಅನಮೋಡ ಘಟ್ಟದಿಂದಲೂ ಇಳಿಯಿತು. ಬ್ರಿಗೇಡಿಯರ್ ಸಗತ್ ಸಿಂಗ್ ಅವರ ಪ್ಯಾರಾ ಬ್ರಿಗೇಡ್ 19ರ ಬೆಳಗ್ಗೆ ಪಣಜಿ ಮುಟ್ಟಿತು. ಆ ಸಂಜೆ ಶರಣಾಗತಿ.

36 ಗಂಟೆಯ ಯುದ್ಧ ಅಂತ ಪುಸ್ತಕಗಳು ಹೇಳುತ್ತವೆ. ಹಾಗೆ ಹೇಳಿಬಿಟ್ಟರೆ ಅಂಜದೀವ್ ಕಣ್ಣಿಗೆ ಬೀಳುವುದಿಲ್ಲ. ಅದು ಪುಟ್ಟ ದ್ವೀಪ, ಸುಮಾರು ಒಂದೂವರೆ ಚದರ ಕಿಲೋಮೀಟರ್. 18ರಂದು ಐಎನ್‌ಎಸ್ ಮೈಸೂರು, ಐಎನ್‌ಎಸ್ ತ್ರಿಶೂಲ್ ಹಡಗುಗಳಿಂದ ನಾವಿಕರು ದಡಕ್ಕೆ ಇಳಿದರು. ಮೇಲಿನಿಂದ ಗುಂಡು ಬಂತು. ಏಳು ಜನ ಸತ್ತರು. ಇಡೀ ಕಾರ್ಯಾಚರಣೆಯಲ್ಲಿ ಭಾರತದ ಕಡೆ ಸತ್ತವರು 22, ಪೋರ್ಚುಗಲ್ ಕಡೆ ಸುಮಾರು 30. ಸುಲಭದ ಗೆಲುವು ಅನ್ನುವವರು ಆ 22 ಮನೆಗಳ ಬಾಗಿಲಲ್ಲಿ ನಿಂತು ಅದನ್ನು ಹೇಳಬಲ್ಲರೇ?

ಸಂಖ್ಯೆ ಇನ್ನೂ ದೊಡ್ಡದಾಗದೆ ಇರಲು ಎದುರು ಪಕ್ಷದ ಒಬ್ಬ ವ್ಯಕ್ತಿ ಕಾರಣ. ಸತ್ತರೂ ಸರಿ, ಶರಣಾಗಬೇಡಿ ಅಂತ ಸಾಲಾಜಾರ್ ಆಜ್ಞೆ ಕಳಿಸಿದ್ದರು. ಗವರ್ನರ್ ಜನರಲ್ ವಸ್ಸಾಲೋ ಇ ಸಿಲ್ವಾ ಹತ್ತಿರ ಇದ್ದದ್ದು ಮೂರೂವರೆ ಸಾವಿರದಷ್ಟು ಸೈನಿಕರು, ಎದುರಿಗೆ ಹತ್ತಾರು ಸಾವಿರ. ಹುಡುಗರನ್ನು ಸುಮ್ನೆ ಬಲಿ ಕೊಡಲಾರೆ ಅಂತ ತೀರ್ಮಾನಿಸಿ ಅವರು ಸಹಿ ಹಾಕಿದರು. ಊರಿಗೆ ಮರಳಿದಾಗ ಸಿಕ್ಕಿದ್ದು ಅವಮಾನ. ಸೈನ್ಯದಿಂದ ಹೊರಹಾಕಿದರು. 1974ರಲ್ಲಿ ಪೋರ್ಚುಗಲ್‌ನಲ್ಲಿ ಆ ಆಡಳಿತ ಉರುಳಿದ ಮೇಲೇ ಅವರಿಗೆ ಮಾನ ಮರಳಿದ್ದು. 1980ರಲ್ಲಿ ಅವರು ಗೋವಾಕ್ಕೆ ಬಂದರು. ಸೋತು ಹೋದ ಜನರಲ್ ಅದೇ ಊರಿಗೆ ಅತಿಥಿಯಾಗಿ ಬರುವುದು ಎಷ್ಟು ಕಡೆ ನಡೆದಿದೆ? ನನ್ನ ಮಟ್ಟಿಗೆ ಗೋವಾ ಕತೆಯಲ್ಲಿ ಧೈರ್ಯ ತೋರಿಸಿದವರ ಸಾಲಿನಲ್ಲಿ ಅವರೂ ಇದ್ದಾರೆ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಮೇಲೆ ಪಶ್ಚಿಮದ ದೇಶಗಳು ಹರಿಹಾಯ್ದವು. ಸೋವಿಯತ್ ಒಕ್ಕೂಟದ ವೀಟೋ ಭಾರತವನ್ನು ಕಾಪಾಡಿತು. ಆದರೆ ನನಗೆ ಮುಖ್ಯ ಅನ್ನಿಸಿದ್ದು ಮನೆಯೊಳಗಿನ ಮಾತು. ಇನ್ನೊಬ್ಬರು ಸೈನ್ಯ ಬಳಸಿದರೆ ಬೇಡ ಅನ್ನುವ ನೈತಿಕ ಹಕ್ಕನ್ನು ಭಾರತ ಕಳೆದುಕೊಂಡಿತು ಅಂತ ರಾಜಾಜಿ ಬರೆದರು. ದೇಶವೆಲ್ಲ ಗೆಲುವಿನ ಖುಷಿಯಲ್ಲಿದ್ದಾಗ ಅದನ್ನು ಹೇಳಲು ಎದೆಗಾರಿಕೆ ಬೇಕು. ನಾನು ಅವರ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಹದಿನಾಲ್ಕು ವರ್ಷ ಬಾಗಿಲು ತಟ್ಟಿ, ಬರಿಗೈಯವರು ಗುಂಡು ತಿಂದು, ಗಡಿ ಮುಚ್ಚಿ ನೋಡಿ, ಬೇರೆ ದಾರಿ ಉಳಿಯದಿದ್ದಾಗ ಸೈನ್ಯ ಕಳಿಸಿದ್ದು ಸರಿ. ಆದರೆ ಅದು ಸರಿ ಆಗಿದ್ದೇ ಆ ಹದಿನಾಲ್ಕು ವರ್ಷಗಳಿಂದ. 1948ರಲ್ಲೇ ನುಗ್ಗಿದ್ದರೆ ಇಷ್ಟು ನಿಶ್ಚಿಂತೆಯಿಂದ ನಾನು ಹಾಗೆ ಹೇಳಲಾರೆ. ಕಾಯ್ದದ್ದನ್ನು ಹೇಡಿತನ ಅನ್ನುವವರು ಈಗ ಜಾಸ್ತಿ. ಕಾಯ್ದದ್ದಕ್ಕೇ ಗೋವಾದ ಗೆಲುವಿಗೆ ಬಿಡುಗಡೆ ಅನ್ನುವ ಹೆಸರು ನಿಂತಿದೆ ಅಂತ ನಾನು ತಿಳಿದಿದ್ದೇನೆ.

ಗೆಲುವಿಗೆ ಇನ್ನೊಂದು ಮುಖವೂ ಇತ್ತು. 1962ರ ಫೆಬ್ರವರಿಯಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಉತ್ತರ ಮುಂಬೈಯಲ್ಲಿ ಆಚಾರ್ಯ ಕೃಪಲಾನಿ ವಿರುದ್ಧ ಚುನಾವಣೆಗೆ ನಿಂತು ಗೆದ್ದರು. ಗೋವಾ ಕಾರ್ಯಾಚರಣೆಯ ಹೊತ್ತು ಚುನಾವಣೆಗೆ ಹೊಂದಿಕೊಂಡಿತ್ತು ಅಂತ ಆಗಲೇ ಮಾತು ಎದ್ದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೀನಾ ಮೇಲೆ ಬಿತ್ತು. ಹಿಮದಲ್ಲಿ ಸರಿಯಾದ ಬಟ್ಟೆ, ಬೂಟು ಇಲ್ಲದೆ ನಮ್ಮ ಹುಡುಗರು ಸತ್ತರು. ಮೆನನ್ ರಾಜೀನಾಮೆ ಕೊಟ್ಟರು. ಗೋವಾ ಗೆದ್ದು ಒಂದು ವರ್ಷವೂ ತುಂಬಿರಲಿಲ್ಲ.

ಗೋವಾದಲ್ಲಿ ಸೈನ್ಯದ ಆಡಳಿತ ಮಾತ್ರ ಬೇಗ ಮುಗಿಯಿತು. ಮಿಲಿಟರಿ ಗವರ್ನರ್ ಆಗಿದ್ದ ಕ್ಯಾಂಡೆತ್ 1962ರ ಜೂನ್‌ನಲ್ಲಿ ಅಧಿಕಾರ ಬಿಟ್ಟರು, 1963ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆಯಿತು. ನೌಕಾಪಡೆ ಮಾತ್ರ ದಾಬೋಲಿಯಲ್ಲಿ ನೆಲೆ ನಿಂತಿತು. ನಾಗರಿಕ ವಿಮಾನಗಳಿಗೆ ಬೆಳಗಿನ ಹೊತ್ತು ನಿರ್ಬಂಧ ಯಾಕೆ ಅಂತ ವರ್ಷಗಟ್ಟಲೆ ತಕರಾರು ನಡೆಯಿತು, ಕೊನೆಗೆ ಮೋಪಾದಲ್ಲಿ ಬೇರೆ ವಿಮಾನ ನಿಲ್ದಾಣವೇ ಬಂತು. 2021ರ ಆಗಸ್ಟ್‌ನಲ್ಲಿ ವಾಸ್ಕೋ ಹತ್ತಿರದ ಸಾಂವ್ ಜಾಸಿಂತೋ ದ್ವೀಪದಲ್ಲಿ ನೌಕಾಪಡೆ ಧ್ವಜ ಹಾರಿಸುತ್ತೇವೆ ಅಂದಾಗ ಅಲ್ಲಿನವರು ಮೊದಲು ಬೇಡ ಅಂದರು. ಧ್ವಜದ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ನೆಲ ಕೈತಪ್ಪುವ ಹೆದರಿಕೆ ಇತ್ತು. ಕೂತು ಮಾತಾಡಿದ ಮೇಲೆ ಧ್ವಜ ಹಾರಿತು. ಅವರನ್ನು ದೇಶದ್ರೋಹಿಗಳು ಅಂದವರು ಕಾರವಾರಕ್ಕೆ ಹೋಗಿ ಕೇಳಬೇಕು. ಅಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಮನೆ, ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಿಗೆ ಆ ಹೆದರಿಕೆ ಏನು ಅಂತ ಗೊತ್ತು. ಅಂಜದೀವ್ ಈಗ ಆ ನೆಲೆಯ ಒಳಗೆ ಸೇರಿದೆ. ಅಲ್ಲಿನ ಹಳೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದವರು ಈಗ ಹೋಗುವಂತಿಲ್ಲ.

ಇದನ್ನೆಲ್ಲ ಬರೆದುಕೊಂಡು ಮತ್ತೆ ಖಾನಾವಳಿಗೆ ಹೋದೆ. ಅಕ್ಕನ ಮಗ ರಜೆಗೆ ಬಂದು ಹೋಗಿದ್ದನಂತೆ. ಅವನಿಗೆ ಕಟ್ಟಿಕೊಟ್ಟು ಉಳಿದ ಶೇಂಗಾ ಹೋಳಿಗೆ ನಮ್ಮ ತಾಟಿಗೂ ಬಂತು. ಕಾಕಾ ಅದೇ ಮೂಲೆಯಲ್ಲಿದ್ದರು. ಒಂದು ಮಾತು ಕೇಳುವುದು ಉಳಿದಿತ್ತು.

"ಕಾಕಾ, ಹೋಗೋವಾಗ ಲಾರಿ ಎಣಿಸಿದ್ರಿ. ತಿರುಗಿ ಬರೋವಾಗ ಎಣಿಸಿದ್ರೇನು?"

ಅವರು ಹೋಳಿಗೆ ಮುರಿಯುತ್ತಿದ್ದವರು ನನ್ನ ಮುಖ ನೋಡಿದರು.

"ಇಲ್ಲಪಾ. ಆವಾಗ ಯಾರೂ ಎಣಿಸಲಿಲ್ಲ."