ರಬ್ಬಿಗಳಿಲ್ಲದ ಸಮುದಾಯಕ್ಕೆ ಮುಂದಾಳುಗಳು ಎಲ್ಲಿಂದ ಬಂದರು?

ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯೆಹೂದಿಗಳು ನೂರಾರು ವರ್ಷ ರಬ್ಬಿಗಳಿಲ್ಲದೆ ಬದುಕಿದರು. ರಬ್ಬಿ ಅಂದರೆ ಧರ್ಮಶಾಸ್ತ್ರ ಓದಿ, ಮದುವೆ, ವಿಚ್ಛೇದನದಂಥ ವಿಷಯಗಳಲ್ಲಿ ತೀರ್ಪು ಹೇಳುವ ಅಧಿಕಾರ ಪಡೆದ ಗುರು. ಅಲಿಬಾಗ್ ಸುತ್ತಲಿನ ಹಳ್ಳಿಗಳಲ್ಲಿ ಗಾಣ ನಡೆಸುತ್ತಿದ್ದ ಈ ಜನಕ್ಕೆ ಅಂಥ ಗುರುಗಳೂ ಇರಲಿಲ್ಲ, ಗುರುಗಳನ್ನು ತಯಾರು ಮಾಡುವ ಶಾಲೆಯೂ ಇರಲಿಲ್ಲ. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಊರವರು ಅವರನ್ನು 'ಶನಿವಾರ ತೇಲಿ', ಅಂದರೆ ಶನಿವಾರ ಬಿಡುವು ಮಾಡುವ ಗಾಣಿಗರು, ಎನ್ನುತ್ತಿದ್ದರು. ಹೀಬ್ರೂ ಬಹುಪಾಲು ಮರೆತುಹೋಗಿತ್ತು. 'ಶೆಮಾ' ಎಂಬ ಒಂದು ಪ್ರಾರ್ಥನೆಯ ಸಾಲು ಮಾತ್ರ ಬಾಯಲ್ಲಿ ಉಳಿದಿತ್ತು. ಅದನ್ನೇ ಮದುವೆಗೂ ಸಾವಿಗೂ ಹೇಳುತ್ತಿದ್ದರು.

ಮುಂದಾಳುಗಳ ತರಬೇತಿಯ ಕಥೆ ಡೇವಿಡ್ ರಹಾಬಿ ಎಂಬುವವನಿಂದ ಶುರುವಾಗುತ್ತದೆ. ಅವನು ಯಾವ ಕಾಲದವನು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಕೊಚ್ಚಿಯ 18ನೇ ಶತಮಾನದ ವ್ಯಾಪಾರಿ ಅನ್ನುವವರಿದ್ದಾರೆ, ಅದಕ್ಕೂ ತುಂಬಾ ಹಿಂದಿನವನು ಅನ್ನುವವರೂ ಇದ್ದಾರೆ. ಸಮುದಾಯದ ನೆನಪು ಹೇಳುವುದು ಇಷ್ಟು: ಇವರು ನಿಜಕ್ಕೂ ಯೆಹೂದಿಗಳೇ ಎಂದು ತಿಳಿಯಲು ಅವನು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟ. ಅವರು ರೆಕ್ಕೆ, ಪೊರೆ ಇಲ್ಲದ ಮೀನುಗಳನ್ನು ಬೇರೆ ಇಟ್ಟರು. ಯೆಹೂದಿ ಧರ್ಮದ ಆಹಾರ ನಿಯಮ ಅದೇ. ಆಮೇಲೆ ಅವನು ಝಿರಾಡ್, ರಾಜಪುರಕರ್, ಶಾಪುರಕರ್ ಎಂಬ ಮೂರು ಮನೆತನಗಳಿಂದ ಒಬ್ಬೊಬ್ಬ ಯುವಕನನ್ನು ಆರಿಸಿ ಕಲಿಸಿದ. ಅವರು 'ಕಾಜಿ'ಗಳಾದರು. ಹಳ್ಳಿಯಿಂದ ಹಳ್ಳಿಗೆ ಹೋಗಿ ಮದುವೆ, ಸುನ್ನತಿ ನಡೆಸಿದರು, ಜಗಳ ಬಿಡಿಸಿದರು. ಕೆಲಸ ತಂದೆಯಿಂದ ಮಗನಿಗೆ ಇಳಿಯಿತು. ಪುಸ್ತಕವಿಲ್ಲದೆ ಇಷ್ಟು ಕಾಲ ಒಂದು ಧರ್ಮವನ್ನು ಕಾಪಾಡಿದ್ದು ಸಣ್ಣ ಮಾತಲ್ಲ.

ಮುಂದಿನ ತಿರುವಿಗೆ ಮೈಸೂರಿನ ನಂಟಿದೆ. ಬ್ರಿಟಿಷರ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದರು. ತಾನು ಬೆನೆ ಇಸ್ರೇಲ್ ಎಂದು ಅವರು ಹೇಳಿದಾಗ ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರು ಎಂಬ ಕಥೆ ಆ ಸಮುದಾಯದಲ್ಲಿ ಇಂದಿಗೂ ಇದೆ. ಬಿಡುಗಡೆಯಾಗಿ ಬಂದ ದಿವೇಕರ್ 1796ರಲ್ಲಿ ಮುಂಬೈನಲ್ಲಿ ಬೆನೆ ಇಸ್ರೇಲರ ಮೊದಲ ಪ್ರಾರ್ಥನಾ ಮಂದಿರ ಕಟ್ಟಿಸಿದರು. ಅದಕ್ಕೆ ತೋರಾ ಎಂಬ ಯೆಹೂದಿ ಧರ್ಮಗ್ರಂಥದ ಸುರುಳಿ ತರಲು ಕೊಚ್ಚಿಗೆ ಹೋದವರು ಅಲ್ಲೇ ತೀರಿಕೊಂಡರು.

ಮಂದಿರವೇನೋ ಆಯಿತು, ಒಳಗೆ ಹೀಬ್ರೂ ಓದುವವರು ಯಾರು? 1826ರ ಹೊತ್ತಿಗೆ ಕೊಚ್ಚಿಯಿಂದ ಯೆಹೂದಿ ಶಿಕ್ಷಕರು ಬರತೊಡಗಿದರು. ಅವರ ಕೈಯಲ್ಲಿ ಕಲಿತವರು ಪ್ರಾರ್ಥನೆ ನಡೆಸುವ 'ಹಜಾನ್'ಗಳಾದರು. ಕಾಜಿ ಮನೆತನಗಳ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲ. ಹುಟ್ಟಿನಿಂದ ಬರುತ್ತಿದ್ದ ಸ್ಥಾನ ಓದಿನಿಂದ ಸಿಗುವಂತಾಯಿತು. ನನಗೆ ಇಡೀ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ ಅನ್ನಿಸುತ್ತದೆ. ಕ್ರೈಸ್ತ ಮಿಷನರಿಗಳ ಪಾಲೂ ಇದರಲ್ಲಿದೆ. ಜಾನ್ ವಿಲ್ಸನ್ ಮರಾಠಿಯಲ್ಲೇ ಹೀಬ್ರೂ ವ್ಯಾಕರಣ ಬರೆದರು. ಮತಾಂತರವಾದವರು ಬಹಳ ಕಡಿಮೆ, ಆದರೆ ಮಿಷನರಿಗಳ ಶಾಲೆಗಳಲ್ಲಿ ಹೀಬ್ರೂ ಕಲಿತವರು ಜಾಸ್ತಿ. ಆ ಓದನ್ನು ಅವರು ತಮ್ಮ ಧರ್ಮಕ್ಕೇ ಬಳಸಿಕೊಂಡರು. ಜೋಸೆಫ್ ಎಜೆಕಿಯಲ್ ರಾಜಪುರಕರ್ ಪ್ರಾರ್ಥನೆಗಳನ್ನು ಮರಾಠಿಗೆ ತಂದರು. ಅರ್ಥ ಗೊತ್ತಿಲ್ಲದೆ ಸುಮ್ನೆ ಹೇಳುತ್ತಿದ್ದ ಸಾಲುಗಳು ಮನೆಮಾತಿನಲ್ಲೇ ಸಿಕ್ಕವು.

1875ರಲ್ಲಿ ಹಯೀಮ್ ಸ್ಯಾಮ್ಯುಯೆಲ್ ಕೆಹಿಮ್ಕರ್ ಮತ್ತು ಸಂಗಡಿಗರು ಮುಂಬೈನಲ್ಲಿ ತಮ್ಮದೇ ಶಾಲೆ ತೆರೆದರು. ಮುಂದೆ ಅದು ಸರ್ ಎಲ್ಲಿ ಕದೂರಿ ಶಾಲೆ ಎಂದು ಹೆಸರಾಯಿತು. ಹೀಬ್ರೂ ಜೊತೆ ಇಂಗ್ಲಿಷ್, ಮರಾಠಿ, ಲೆಕ್ಕ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು. ಪ್ರಾರ್ಥನೆ ನಡೆಸುವವರಷ್ಟೇ ಅಲ್ಲ, ಸಂಘ ಕಟ್ಟುವವರು, ಪತ್ರಿಕೆ ನಡೆಸುವವರು, ಲೆಕ್ಕಪತ್ರ ನೋಡುವವರೂ ಸಮುದಾಯಕ್ಕೆ ಬೇಕಲ್ವಾ? ಅಂಥವರು ಈ ಓದಿನಿಂದಲೇ ಬಂದರು.

ಹೆಂಗಸರೂ ಮುಂದೆ ಬಂದರು. ರೆಬೆಕಾ ರೂಬೆನ್ 1922ರಿಂದ ಸುಮಾರು ಮೂರು ದಶಕ ಆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದರು. ನಮ್ಮ ಶಿವಮೊಗ್ಗದಲ್ಲಿ 1890ರಲ್ಲಿ ಹುಟ್ಟಿದ ಜೆರುಷಾ ಝಿರಾಡ್ ಲಂಡನ್ನಿನಲ್ಲಿ ಹೆರಿಗೆ ವೈದ್ಯಶಾಸ್ತ್ರ ಓದಿ ಬಂದರು. ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು, ಆಮೇಲೆ ಮುಂಬೈನ ಕಾಮಾ ಆಸ್ಪತ್ರೆಯ ಹೊಣೆ ಹೊತ್ತರು. ಲಂಡನ್ನಿಗೆ ಹೊರಡುವ ಮೊದಲೇ, 1913ರಲ್ಲಿ, ಬೆನೆ ಇಸ್ರೇಲ್ ಹೆಂಗಸರಿಗಾಗಿ ಸ್ತ್ರೀ ಮಂಡಲ ಶುರು ಮಾಡಿದ್ದರು. 1925ರಲ್ಲಿ ಸುಧಾರಣಾವಾದಿ ಯೆಹೂದಿ ಸಂಘವನ್ನು ಮುಂಬೈಗೆ ತಂದವರಲ್ಲೂ ಅವರೇ ಮುಖ್ಯರು. 1966ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕರ್ನಾಟಕದಲ್ಲಿ ಅವರ ಹೆಸರು ಇಷ್ಟು ಕಡಿಮೆ ಕೇಳಿಬರುವುದು ನನಗೆ ಬೇಸರದ ಸಂಗತಿ.

ರಬ್ಬಿಗಳಿಲ್ಲದ್ದಕ್ಕೆ ಬೆಲೆ ತೆರಬೇಕಾಗಿ ಬಂದಿದ್ದು ಇಸ್ರೇಲಿನಲ್ಲಿ. 1948ರ ನಂತರ ಸಾವಿರಾರು ಜನ ಅಲ್ಲಿಗೆ ಹೋದರು. 'ನಿಮ್ಮಲ್ಲಿ ರಬ್ಬಿಗಳೇ ಇರಲಿಲ್ಲ, ಹಳೆಯ ವಿಚ್ಛೇದನಗಳು ಶಾಸ್ತ್ರದ ಪ್ರಕಾರ ನಡೆದಿವೆ ಅನ್ನುವುದಕ್ಕೆ ಏನು ಆಧಾರ?' ಎಂಬ ಪ್ರಶ್ನೆ ಅಲ್ಲಿನ ಧರ್ಮಾಧಿಕಾರಿಗಳಿಂದ ಬಂತು. ಬೇರೆ ಯೆಹೂದಿಗಳನ್ನು ಮದುವೆಯಾಗಬೇಕಾದರೆ ವಂಶದ ವಿಚಾರಣೆ ಆಗಬೇಕು ಎಂದು 1960ರ ದಶಕದ ಆರಂಭದಲ್ಲಿ ಆದೇಶವಾಯಿತು. ತಲೆಮಾರುಗಳಿಂದ ಶನಿವಾರ ಗಾಣ ಮುಟ್ಟದವರ ಮಕ್ಕಳಿಗೆ ಇದು ದೊಡ್ಡ ಅವಮಾನ. ಅವರು ಬೀದಿಗಿಳಿದರು, ಧರಣಿ ಕೂತರು. 1964ರಲ್ಲಿ ಇಸ್ರೇಲ್ ಸಂಸತ್ತು ಬೆನೆ ಇಸ್ರೇಲರು ಎಲ್ಲ ರೀತಿಯಲ್ಲೂ ಯೆಹೂದಿಗಳೇ ಎಂದು ಹೇಳಿತು. ಆ ಹೋರಾಟವನ್ನು ಕಟ್ಟಿದವರು ರಬ್ಬಿಗಳಲ್ಲ, ಸಾಮಾನ್ಯ ಜನ.

ಇತ್ತ ಭಾರತದಲ್ಲಿ ಉಳಿದವರ ಸಂಖ್ಯೆ ಕರಗುತ್ತಾ ಬಂತು. 1948ರಲ್ಲಿ ಬೆನೆ ಇಸ್ರೇಲರೇ ಸುಮಾರು 20,000 ಇದ್ದರು. ಈಗ ದೇಶದ ಎಲ್ಲ ಯೆಹೂದಿಗಳನ್ನು ಸೇರಿಸಿದರೂ ಕೆಲವೇ ಸಾವಿರ. ಹೆಚ್ಚಿನವರು ಮುಂಬೈ, ಠಾಣೆಯ ಸುತ್ತ ಇದ್ದಾರೆ. 1960ರ ದಶಕದಿಂದ ಜೆಡಿಸಿ, ಓಆರ್‌ಟಿ ಎಂಬ ಅಂತರರಾಷ್ಟ್ರೀಯ ಯೆಹೂದಿ ಸಂಸ್ಥೆಗಳು ಇಲ್ಲಿ ನೆರವಾಗುತ್ತಿವೆ. ಯುವಕ ಯುವತಿಯರಿಗೆ ಶಿಬಿರ, ಹೀಬ್ರೂ ಪಾಠ, ಕಸುಬಿನ ತರಬೇತಿ ನಡೆದಿವೆ.

ತೊಡಕು ಬೇರೆ ಕಡೆ ಇದೆ. ಸಾಂಪ್ರದಾಯಿಕ ಪದ್ಧತಿಯಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಚೆನ್ನಾಗಿ ಕಲಿತ ಹುಡುಗ ಇಸ್ರೇಲಿಗೆ ಹೋದರೆ ಒಬ್ಬ ಮುಂದಾಳು ಕಡಿಮೆಯಾಗುವುದರ ಜೊತೆಗೆ ಆ ಹತ್ತರಲ್ಲೂ ಒಬ್ಬ ಕಡಿಮೆಯಾಗುತ್ತಾನೆ. ಹೊರಗಿನಿಂದ ಬರುವ ಗುರುಗಳು ತೋರಾ ಓದಿಸಬಲ್ಲರು. ಆದರೆ ಅವಲಕ್ಕಿಗೆ ಬೆಲ್ಲ, ತೆಂಗಿನತುರಿ ಬೆರೆಸಿ, ಹಣ್ಣು ಇಟ್ಟು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಮಾಡುವ 'ಮಲಿದಾ' ಬೆನೆ ಇಸ್ರೇಲರದ್ದೇ ಪದ್ಧತಿ. ಅದನ್ನು ನಡೆಸುವುದನ್ನು ಕಲಿಸಬೇಕಾದವರು ಇಲ್ಲಿನ ಹಿರಿಯರೇ. ಹಾಗಾಗಿ ತರಬೇತಿಗೆ ಹಣ ಹಾಕುವವರು ಶಿಬಿರಗಳಷ್ಟೇ ಕಾಳಜಿಯನ್ನು ಈ ಹಿರಿಯರ ಪಾಠಕ್ಕೂ ಕೊಡಬೇಕು, ಅದೂ ಮರಾಠಿಯಲ್ಲಿ, ಅವರು ಇರುವಾಗಲೇ.