ಎಲೆ ರಸದಲ್ಲಿ ಮಾಡಿದರೂ ಬೆಳ್ಳಿ ಬೆಳ್ಳಿಯೇ

ಕಳೆದ ಮಳೆಗಾಲ ಮುಗಿದ ಮೇಲೆ ಕಾಸರಗೋಡಿನ ಬಾಯಾರು ಕಡೆಯ ಕೃಷಿಕರೊಬ್ಬರು ಅರ್ಧ ಲೀಟರಿನ ಬಾಟಲಿ ಹಿಡಿದುಕೊಂಡು ಬಂದರು. ಒಳಗೆ ಹಾಲು ಹಾಕದ ಕಣ್ಣ ಚಹಾದ ಬಣ್ಣದ ನೀರು. ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಪೇರಳೆ ಎಲೆಯಿಂದ ಮಾಡಿದ ಬೆಳ್ಳಿ ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಚೂರು. "ಕ್ರಿಮಿ ಸಾಯಲು ಬಾವಿಗೆ ಹಾಕಬಹುದಲ್ವಾ? ಕೆಮಿಕಲ್ ಅಲ್ಲ, ಎಲೆಯದ್ದು" ಅಂದರು. ಮಗಳ ಬಗ್ಗೆ ಅವರಿಗೆ ಎಷ್ಟು ಹೆಮ್ಮೆ ಅಂದರೆ, ಬೇಡ ಅನ್ನಲು ನನಗೇ ಸಂಕಟವಾಯಿತು.

ನೀರು ಪರೀಕ್ಷೆಯ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಎಲೆಯದ್ದು, ಹಾಗಾಗಿ ಅಪಾಯ ಇಲ್ಲ. ದಯವಿಟ್ಟು ಕೇಳಿ. ಎಲೆ ಅಲ್ಲಿ ಮಾಡುವುದು ಒಂದು ಕೆಲಸ. ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ ನೀರಿನಲ್ಲಿ ಕರಗಿದಾಗ ಬೆಳ್ಳಿ ಅಯಾನುಗಳಾಗಿ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳಾಗಿ ಇರುತ್ತದೆ. ಎಲೆಯ ಚೊಗರು, ಅಂದರೆ ಪಾಲಿಫಿನಾಲ್, ಅವಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಆಗ ಅವು ಲೋಹವಾಗಿ, ಒಂದಕ್ಕೊಂದು ಸೇರಿ ಕಣಗಳಾಗುತ್ತವೆ. ಎಲೆಯ ಅಂಶ ಕಣದ ಸುತ್ತ ಅಂಟಿಕೊಂಡು, ಅವು ಮುದ್ದೆಯಾಗದಂತೆ ನೋಡಿಕೊಳ್ಳುತ್ತದೆ. ಆ ಕಂದು ಬಣ್ಣ ಕೂಡ ಹೆಚ್ಚಾಗಿ ಬೆಳ್ಳಿಯದ್ದೇ. ಲ್ಯಾಬಿನಲ್ಲಿ ಇದೇ ಕೆಲಸಕ್ಕೆ ಸೋಡಿಯಂ ಬೋರೋಹೈಡ್ರೈಡ್ ಬಳಸುತ್ತಾರೆ. ಆ ತೀಕ್ಷ್ಣ ರಾಸಾಯನಿಕ ಬೇಡವಾಯಿತಲ್ಲ, ಅಷ್ಟೇ ಹಸಿರು. ತುಳಸಿ ಕಷಾಯಕ್ಕೆ ಮೈಲುತುತ್ತು ಹಾಕಿ ಕೊಟ್ಟರೆ ನೀವು ಕುಡಿಯುತ್ತೀರಾ?

ಲೆಕ್ಕ ಹಾಕಿಯೇ ತೋರಿಸಿದೆ. ಮಗಳು ಬಳಸಿದ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಲೀಟರಿಗೆ 108 ಮಿಲಿಗ್ರಾಂ ಬೆಳ್ಳಿ. ಹತ್ತರಲ್ಲಿ ಒಂದು ಪಾಲು ಎಲೆ ರಸ ಸೇರಿಸಿದ್ದಾಳೆ. ಅಂದರೆ ಆ ಬಾಟಲಿಯಲ್ಲಿ ಹತ್ತಿರ ಹತ್ತಿರ 50 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಅವರ ಬಾವಿ 10 ಅಡಿ ಅಗಲ, ನೀರು 13 ಅಡಿ. ಸುಮಾರು 29 ಸಾವಿರ ಲೀಟರ್. ಅದಕ್ಕೆ ಈ ಬಾಟಲಿ ಸುರಿದರೆ ಮಿತಿಯ ಐವತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ. ಅಷ್ಟನ್ನು ನಂಬಿ ಬಾವಿ ಶುದ್ಧವಾಯಿತು ಅಂತ ನಾನಂತೂ ಹೇಳಲಾರೆ. ಅದೇ ಬಾಟಲಿಯನ್ನು 20 ಲೀಟರಿನ ಪಾತ್ರೆಗೆ ಹಾಕಿದರೆ ಮಿತಿಯ ಸುಮಾರು 24 ಪಟ್ಟು. ಜೊತೆಗೆ ಎಲೆ ರಸದ ಸಕ್ಕರೆ ಅಂಶ ಬೇರೆ. ಅದು ಬ್ಯಾಕ್ಟೀರಿಯಾಗಳಿಗೆ ಊಟ.

"ಬಟ್ಟೆಯಲ್ಲಿ ಸೋಸಿದರೆ?" ಅಂತ ಕೇಳಿದರು. ಲ್ಯಾಬಿನ ಸಾಮಾನ್ಯ ಫಿಲ್ಟರ್ ಕಾಗದದ ತೂತು 11 ಮೈಕ್ರೋಮೀಟರ್. 20 ನ್ಯಾನೋಮೀಟರಿನ ಕಣ ಅದಕ್ಕಿಂತ ಐನೂರು ಪಟ್ಟು ಚಿಕ್ಕದು. ಬಟ್ಟೆಯ ಮಾತೇ ಬೇಡ.

ಕಬ್ಬಿಣದ ಕಣ ಮಾಡುವ ಮಕ್ಕಳಿಗೂ ಒಂದು ಮಾತು. ಕಬ್ಬಿಣದ ಲವಣಕ್ಕೆ ಎಲೆ ರಸ ಬಿದ್ದ ಕೂಡಲೇ ಕಪ್ಪಾಯಿತು, ಕಣ ಬಂತು ಅಂತ ಕುಣಿಯಬೇಡಿ. ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದನ್ನು ಮನೆಯಲ್ಲೇ ನೋಡಿದ್ದೀರಲ್ಲ? ಚೊಗರಿನ ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಶಾಯಿ ಆಗುತ್ತದೆ. ಹರಳಿನ ರಚನೆ ತೋರಿಸುವ ಎಕ್ಸ್-ರೇ ಡಿಫ್ರಾಕ್ಷನ್, ಕಣವನ್ನೇ ತೋರಿಸುವ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನೋಡದೆ ಏನನ್ನೂ ಹೇಳಬೇಡಿ.

ನಮ್ಮ ಊರಿನವರ ಆತುರ ನನಗೆ ಅರ್ಥವಾಗುತ್ತದೆ. ಇಲ್ಲೇ ಕಾಸರಗೋಡಿನ ಎಣ್ಮಕಜೆಯ ಗುಡ್ಡೆಗಳ ಮೇಲೆ, ಗೇರು ತೋಟಗಳಿಗೆ, 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡೆ ಕೊರೆದು ನೀರು ತರುವ ಸುರಂಗದ ನೀರನ್ನೂ ಸಂಶಯದಿಂದ ನೋಡಬೇಕಾಗಿ ಬಂದವರು ನಾವು. ನ್ಯಾನೋ ಕಣದಲ್ಲಿ ಸತ್ವ ಇಲ್ಲ ಅಂತಲ್ಲ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಚಿನ್ನ, ಬೆಳ್ಳಿಯ ಕಣಗಳು ಎಂಡೋಸಲ್ಫಾನನ್ನು ಹಿಡಿದುಕೊಳ್ಳುತ್ತವೆ ಅಂತ 2003ರಲ್ಲೇ ತೋರಿಸಿತ್ತು. ಆದರೆ ನೀರಿನ ಫಿಲ್ಟರ್ ಮಾಡುವಾಗ ಕಣಗಳನ್ನು ಅಲ್ಯುಮಿನಾದಂಥ ಗಟ್ಟಿ ವಸ್ತುವಿನ ಮೇಲೆ ಕೂರಿಸಿದರು. ನೀರು ಹರಿದು ಹೋಗಬೇಕು, ಕಣ ಅಲ್ಲೇ ಉಳಿಯಬೇಕು. ಸುಮ್ನೆ ನೀರಿಗೆ ಸುರಿಯುವುದಲ್ಲ.

ಆ ದಿನ ಅವರ ಬಾವಿಗೆ ಬೇಕಿದ್ದದ್ದು ಒಳ್ಳೆಯ ಬ್ಲೀಚಿಂಗ್ ಪೌಡರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅವರ ಬಾವಿಗೆ 70 ಗ್ರಾಂ ಚಿಲ್ಲರೆ, ಆಮೇಲೆ ಒಂದು ಗಂಟೆ ನೀರು ಸೇದದೆ ಬಿಡುವುದು. ಬರೆದು ಕೊಟ್ಟೆ. ಬಾಟಲಿ ನನ್ನಲ್ಲೇ ಬಿಟ್ಟು ಹೋದರು.

ಎರಡು ವಾರದಲ್ಲಿ ಮಗಳೇ ಬಂದಳು. ಮರಳಿನ ಮೇಲೆ ಬೆಳ್ಳಿ ಕೂರಿಸಿದ್ದಾಳೆ. ಅದರ ಮೂಲಕ ಹಾಯಿಸಿದ ನೀರನ್ನು ಐದು ಸೀಸೆಗಳಲ್ಲಿ, ದಿನಾಂಕ ಬರೆದು, ತಂದಿದ್ದಳು. ಹೊರಬಂದ ನೀರಿನಲ್ಲಿ ಬೆಳ್ಳಿ ಎಷ್ಟಿದೆ ನೋಡಿ ಕೊಡುತ್ತೀರಾ ಅಂತ ಕೇಳಿದಳು.